ರಂಜಕದ ಎದುರು ವೂವ್ರೆ

ಶೀಗಿ ಹುಣ್ಣಿಮೆಯ ದಿನ ಬೆಳಗಾವಿ ಜಿಲ್ಲೆಯ ಮುರಗೋಡದ ಸುತ್ತಿನ ಹೊಲಗಳಲ್ಲಿ ಚರಗ ಚೆಲ್ಲಿದ ಮೇಲೆ ಬಿಚ್ಚುವ ಬುತ್ತಿಯಲ್ಲಿ ಏನೇನಿರುತ್ತದೆ ಎಂಬುದನ್ನು ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಬದನಿಕಾಯಿ ಎಣಗಾಯಿ, ಪುಂಡಿ ಪಲ್ಯ, ಮಡಕಿ ಕಾಳು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೆಣಸಿನಕಾಯಿಯ ರಂಜಕ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಪಕ್ಕದಲ್ಲೇ ಹೋಳಿಗೆಯೋ ಕಡುಬೋ. ಇಷ್ಟೂ ಒಂದೇ ತಾಟಿನಲ್ಲಿ, ಒಂದೇ ಹೊತ್ತಿಗೆ. ಉಣ್ಣುವವನ ಕೈ ರಂಜಕದಿಂದ ಮೊಸರಿಗೆ, ಮೊಸರಿನಿಂದ ಪಲ್ಯಕ್ಕೆ, ಪಲ್ಯದಿಂದ ಹೋಳಿಗೆಗೆ ಹೋಗಿ ಮತ್ತೆ ರಂಜಕಕ್ಕೇ ಮರಳುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಶಾಸ್ತ್ರವಿಲ್ಲ.

ಈ ತಾಟಿನ ಪಕ್ಕ ಫ್ರಾನ್ಸಿನ ಒಂದು ಬಿಳಿ ವೈನ್ ಇಟ್ಟರೆ ಏನಾದೀತು? ಪ್ರಶ್ನೆ ತಮಾಷೆಯಂತೆ ಕೇಳಿಸಬಹುದು. ಆದರೆ ಯಾವ ಊಟಕ್ಕೆ ಯಾವ ವೈನ್ ಎಂದು ಪುಸ್ತಕಗಳು ಹೇಳುವ ನಿಯಮಗಳೆಲ್ಲ ಮುಗ್ಗರಿಸುವುದು ಇಲ್ಲಿಯೇ. ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು, ಚೀಸಿಗೆ ಇಂಥದ್ದು, ಸಿಹಿಗೆ ಇಂಥದ್ದು ಎಂಬ ಲೆಕ್ಕ ನಡೆಯುವುದು ತಿನಿಸುಗಳು ಒಂದಾದ ಮೇಲೆ ಒಂದರಂತೆ ಬಂದರೆ ಮಾತ್ರ. ಫ್ರೆಂಚರೂ ಮೊದಲಿನಿಂದ ಹಾಗೆ ಉಣ್ಣುತ್ತಿದ್ದವರಲ್ಲ. ಅವರ ಹಳೆಯ ಔತಣಗಳಲ್ಲಿ ಹತ್ತಾರು ಬಗೆಗಳನ್ನು ಮೇಜಿನ ಮೇಲೆ ಒಟ್ಟಿಗೇ ಜೋಡಿಸಿಡುತ್ತಿದ್ದರು. ಒಂದೊಂದೇ ಬಗೆಯನ್ನು ಸರದಿಯಲ್ಲಿ ಬಡಿಸುವ ಪದ್ಧತಿ ಅವರಿಗೆ ಬಂದದ್ದು ರಷ್ಯನ್ನರಿಂದ, 19ನೇ ಶತಮಾನದಲ್ಲಿ. ರಷ್ಯಾದ ರಾಯಭಾರಿ ಅಲೆಕ್ಸಾಂಡರ್ ಕುರಾಕಿನ್ 1810ರ ಸುಮಾರಿಗೆ ಪ್ಯಾರಿಸ್ಸಿಗೆ ಈ ರೂಢಿಯನ್ನು ಪರಿಚಯಿಸಿದ ಎನ್ನುತ್ತಾರೆ. ಬಗೆಗೊಂದು ವೈನ್ ಎಂಬ ಲೆಕ್ಕಾಚಾರ ಇಷ್ಟು ಬಿಗಿಯಾಗಿ ನಿಲ್ಲಲು ನೆಲೆ ಸಿಕ್ಕಿದ್ದೇ ಆ ಸರದಿಯಿಂದ.

ಮುರಗೋಡದ ತಾಟಿಗೆ ಸರದಿಯಿಲ್ಲ. ಹಾಗಾಗಿ ಇಲ್ಲಿ ಬೇಕಾದದ್ದು ಒಂದು ಬಗೆಗೆ ಒಪ್ಪುವ ವೈನಲ್ಲ, ತಾಟಿನಲ್ಲಿ ಎಲ್ಲಕ್ಕಿಂತ ಜೋರಾಗಿರುವುದರ ಎದುರು ಸೋಲದೆ ನಿಲ್ಲುವ ವೈನ್. ಫ್ರಾನ್ಸಿನ ಬಿಳಿ ವೈನುಗಳಲ್ಲಿ ಆ ತಾಕತ್ತು ಇರುವುದು ಕೆಲವಕ್ಕೆ ಮಾತ್ರ. ಅವುಗಳಲ್ಲೊಂದು ವೂವ್ರೆ.

ಫ್ರಾನ್ಸಿನ ಅತಿ ಉದ್ದದ ನದಿ ಲ್ವಾರ್, ಸುಮಾರು ಸಾವಿರ ಕಿಲೋಮೀಟರ್ ಹರಿಯುತ್ತದೆ. ಅದರ ದಂಡೆಯ ತೂರ್ ಪಟ್ಟಣದಿಂದ ತುಸು ಪೂರ್ವಕ್ಕೆ, ಉತ್ತರ ದಡದ ಮೇಲಿರುವ ಸಣ್ಣ ಊರು ವೂವ್ರೆ. ಊರಿನ ಹೆಸರೇ ವೈನಿಗೂ ಹೆಸರು. ಇಂಥ ಊರಿನ ಹೆಸರನ್ನು ಇಂಥ ನೆಲದಲ್ಲಿ, ಇಂಥ ತಳಿಯಿಂದ ಮಾಡಿದ ವೈನಿಗೆ ಮಾತ್ರ ಬಳಸಬೇಕು ಎಂಬ ಕಾನೂನು ಫ್ರಾನ್ಸಿನಲ್ಲಿ 1935ರಲ್ಲಿ ಬಂತು. ಮರುವರ್ಷ, 1936ರಲ್ಲೇ, ವೂವ್ರೆಗೆ ಆ ರಕ್ಷಣೆ ಸಿಕ್ಕಿತು. ನಮ್ಮಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಸಿಕ್ಕ ಜಿಐ ಮಾನ್ಯತೆಯೂ ಇದೇ ಜಾತಿಯದು. ಅವರದು ಇದಕ್ಕಿಂತ ಮುಕ್ಕಾಲು ಶತಮಾನ ಹಳೆಯದು, ನಿಯಮಗಳೂ ಇನ್ನಷ್ಟು ಬಿಗಿ.

ವೂವ್ರೆಯ ನೆಲದಡಿಯಲ್ಲಿರುವುದು ತೂಫೋ ಎಂಬ ಮೆತ್ತನೆಯ ಸುಣ್ಣಕಲ್ಲು. ಲ್ವಾರ್ ಕಣಿವೆಯ ಪ್ರಸಿದ್ಧ ಅರಮನೆಗಳನ್ನು ಕಟ್ಟಿದ್ದು ಇದೇ ಕಲ್ಲಿನಿಂದ. ಕಲ್ಲು ತೆಗೆದಲ್ಲೆಲ್ಲ ಗುಡ್ಡದ ಹೊಟ್ಟೆಯಲ್ಲಿ ಗವಿಗಳುಳಿದವು. ಕೆಲವು ಮನೆಗಳಾದವು, ಬಹಳಷ್ಟು ವೈನ್ ಕೋಣೆಗಳಾದವು. ಬೇಸಿಗೆಯಿರಲಿ ಚಳಿಯಿರಲಿ ಒಳಗಿನ ತಂಪು 12 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಕರೆಂಟು ಬೇಕಿಲ್ಲ. ಮೇಲೆ ಬಳ್ಳಿ, ಕೆಳಗೆ ಬಾಟಲಿ. ಈ ಗುಡ್ಡವನ್ನು ಕಡಿದು ಅತಿವೇಗದ ಟಿಜಿವಿ ರೈಲಿನ ಹಳಿ ಹಾಕುವ ಯೋಜನೆ ಬಂದಾಗ ಊರಿನ ಮೇಯರ್ ಗಾಸ್ತೋಂ ಯುವೆ ಹಟ ಹಿಡಿದು ಹೋರಾಡಿದ. ಸ್ವತಃ ಆತನೇ ಆ ಊರಿನ ಹೆಸರಾಂತ ವೈನ್ ತಯಾರಕ. ಕಡೆಗೆ ರೈಲು ದ್ರಾಕ್ಷಿ ತೋಟಗಳ ಅಡಿಯಲ್ಲಿ ಸುರಂಗ ಕೊರೆದುಕೊಂಡು ಹೋಯಿತು.

ಇದೇ ಊರಿನಲ್ಲಿ ಕಾದಂಬರಿಕಾರ ಬಾಲ್ಝಾಕ್ ಒಂದು ನಗೆಗತೆಯನ್ನೂ ನಡೆಸಿದ್ದಾನೆ. ಆತ ಹುಟ್ಟಿದ್ದು ಪಕ್ಕದ ತೂರ್‌ನಲ್ಲೇ, 1799ರಲ್ಲಿ. ಪ್ಯಾರಿಸ್ಸಿನ ಮಾತಿನಮಲ್ಲ ಏಜೆಂಟ್ ಗೋದಿಸಾರ್ ವಿಮೆಯನ್ನೂ ಪತ್ರಿಕೆಯ ಚಂದಾವನ್ನೂ ಮಾರಲು ವೂವ್ರೆಗೆ ಬರುತ್ತಾನೆ. ಊರವರು ಅವನನ್ನು ಒಬ್ಬ ಮರುಳನ ಮನೆಗೆ ಕಳಿಸಿ ಮಜಾ ನೋಡುತ್ತಾರೆ. ಮಾರಲು ಬಂದವನಿಗೇ ಆ ಮರುಳ ವೈನ್ ಮಾರಲು ಕೂರುತ್ತಾನೆ.

ತಳಿಯ ಹೆಸರು ಶೆನಿನ್ ಬ್ಲಾಂ. ವೂವ್ರೆಯ ಬಿಳಿ ವೈನ್ ಬಹುಪಾಲು ಈ ಒಂದೇ ದ್ರಾಕ್ಷಿಯದು. ಇದರ ಗುಣ ಎರಡು. ಹುಳಿ ಗಟ್ಟಿ, ಎಷ್ಟು ಹಣ್ಣಾದರೂ ಅದು ಪೂರ್ತಿ ಇಳಿಯುವುದಿಲ್ಲ. ಎರಡನೆಯದು, ಒಂದೇ ಗೊಂಚಲಿನ ಹಣ್ಣುಗಳು ಒಟ್ಟಿಗೆ ಮಾಗುವುದಿಲ್ಲ. ಅದಕ್ಕೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಒಂದೇ ಸಾಲಿಗೆ ಮತ್ತೆ ಮತ್ತೆ ಹೋಗಿ, ಹಣ್ಣಾದಷ್ಟನ್ನೇ ಆರಿಸಿ ಕೀಳುತ್ತಾರೆ. ಕೊನೆಯವರೆಗೆ ಬಳ್ಳಿಯಲ್ಲೇ ಬಿಟ್ಟ ಹಣ್ಣಿಗೆ ಕೆಲವು ವರ್ಷ ಬೊಟ್ರೈಟಿಸ್ ಎಂಬ ಬೂಷ್ಟು ಹತ್ತುತ್ತದೆ. ಅದು ಸಿಪ್ಪೆಯಲ್ಲಿ ಸಣ್ಣ ರಂಧ್ರ ಮಾಡಿ ನೀರನ್ನು ಆರಿಸಿ, ಸಕ್ಕರೆಯನ್ನೂ ಹುಳಿಯನ್ನೂ ಗಟ್ಟಿ ಮಾಡುತ್ತದೆ. ಬೇರೆ ದ್ರಾಕ್ಷಿ ಬೆಳೆಗಾರರು ಔಷಧಿ ಹೊಡೆದು ಓಡಿಸುವ ರೋಗಕ್ಕೆ ಇವರು ಹವೆ ನೋಡುತ್ತ ಕಾಯುತ್ತಾರೆ.

ಹೀಗಾಗಿ ಒಂದೇ ಊರಿನ, ಒಂದೇ ತಳಿಯ ವೈನ್ ಹಲವು ಅವತಾರಗಳಲ್ಲಿ ಬರುತ್ತದೆ. ಸಿಹಿಯಿಲ್ಲದ್ದು ಸೆಕ್, ಅರೆಸಿಹಿಯದು ದೆಮಿ ಸೆಕ್, ಸಿಹಿಯದು ಮ್ವಾಲೊ. ಬುರುಗು ಬರುವಂಥದ್ದೂ ಇದೆ. ಶಾಂಪೇನಿನಂತೆಯೇ ಬಾಟಲಿಯೊಳಗೆ ಎರಡನೆಯ ಸಲ ಹುದುಗಿಸಿ ಅದನ್ನು ಮಾಡುತ್ತಾರೆ. ಯುರೋಪಿನ ಲೆಕ್ಕದಲ್ಲಿ ಲೀಟರಿಗೆ 4 ಗ್ರಾಂ ಒಳಗೆ ಸಕ್ಕರೆ ಉಳಿದಿದ್ದರೆ ಅದು ಸಿಹಿಯಿಲ್ಲದ ವೈನ್. ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ಅದೇ ಹೆಸರು ಸಲ್ಲುತ್ತದೆ. 45 ಗ್ರಾಂ ಮುಟ್ಟಿದರೆ ಸಿಹಿ ವೈನ್. ನಡುವಿನ ವಿಶಾಲ ಬಯಲಲ್ಲಿ ದೆಮಿ ಸೆಕ್ ಓಡಾಡುತ್ತದೆ. ಹುಳಿ ಬಲವಾಗಿರುವುದರಿಂದ ಸಕ್ಕರೆ ಇದ್ದರೂ ಬಾಯಿಗೆ ಶರಬತ್ತಿನಂತೆ ಅಂಟುವುದಿಲ್ಲ. ಈ ಬಾಟಲಿಗಳು ದಶಕಗಟ್ಟಲೆ ಬಾಳುವುದಕ್ಕೂ ಆ ಹುಳಿಯೇ ಕಾರಣ. 1947ರ ಸಿಹಿ ವೂವ್ರೆಯ ಮಾತನ್ನು ವೈನ್ ರಸಿಕರು ಇಂದಿಗೂ ಆಡುತ್ತಾರೆ.

ತವರಿನಲ್ಲಿ ಇದರೊಂದಿಗೆ ಏನು ತಿನ್ನುತ್ತಾರೆಂದು ನೋಡಿದರೆ ಒಳಗಿನ ಲೆಕ್ಕ ತಿಳಿಯುತ್ತದೆ. ಮೊದಲನೆಯದು ಆಡಿನ ಹಾಲಿನ ಚೀಸು. ಸೆಂತ್ ಮೋರ್ ಎಂಬ ಊರಿನದು, ಉರುಳೆಯಾಕಾರ, ಮೇಲೆ ಬೂದಿ ಬಣ್ಣದ ಪದರ, ನಟ್ಟ ನಡುವೆ ಈ ತುದಿಯಿಂದ ಆ ತುದಿಗೆ ಒಂದು ಹುಲ್ಲಿನ ಕಡ್ಡಿ. ಮೆತ್ತನೆಯ ಚೀಸು ಮುರಿಯದಿರಲೆಂದು ಆ ಕಡ್ಡಿ. ಈಗ ಅದು ಅಸಲಿತನದ ಗುರುತೂ ಹೌದು. ಉಪ್ಪು, ಕೊಬ್ಬು, ಸ್ವಲ್ಪ ಹುಳಿ ಈ ಚೀಸಿನ ಸ್ವಭಾವ. ಸೆಕ್ ವೂವ್ರೆಯ ಹುಳಿ ಆ ಕೊಬ್ಬನ್ನು ನಾಲಗೆಯಿಂದ ತೊಳೆದು ಮುಂದಿನ ತುತ್ತಿಗೆ ಬಾಯಿಯನ್ನು ಸಿದ್ಧಮಾಡುತ್ತದೆ. ಎರಡನೆಯದು ರಿಯೆತ್, ಹಂದಿಮಾಂಸವನ್ನು ಅದರದೇ ಕೊಬ್ಬಿನಲ್ಲಿ ತಾಸುಗಟ್ಟಲೆ ಬೇಯಿಸಿ ಎಳೆ ಬಿಡಿಸಿ ಬ್ರೆಡ್ಡಿಗೆ ಹಚ್ಚುವಂಥದ್ದು. ಮೂರನೆಯದು ನದಿಯ ಮೀನು, ಬರ್ ಬ್ಲಾಂ ಎಂಬ ಬೆಣ್ಣೆ ಸಾರಿನೊಂದಿಗೆ. ಸಣ್ಣಗೆ ಹೆಚ್ಚಿದ ಎಳೆ ಈರುಳ್ಳಿಯಂಥ ಗಡ್ಡೆಯನ್ನು ಬಿಳಿ ವೈನ್ ಮತ್ತು ವಿನೆಗರಿನಲ್ಲಿ ಕುದಿಸಿ ಬತ್ತಿಸಿ, ಅದಕ್ಕೆ ತಣ್ಣನೆಯ ಬೆಣ್ಣೆಯನ್ನು ತುಂಡು ತುಂಡಾಗಿ ಕಲೆಸಿದರೆ ಬರ್ ಬ್ಲಾಂ. ಕೊನೆಯದು ಸಿಹಿ: ಸಕ್ಕರೆ ಪಾಕದಲ್ಲಿ ಕಂದಿಸಿದ ಸೇಬನ್ನು ತಳದಲ್ಲಿಟ್ಟು ಬೇಯಿಸಿ, ಮಗುಚಿ ಬಡಿಸುವ ತಾರ್ತ್ ತಾತಾಂ. ಅದಕ್ಕೆ ಮ್ವಾಲೊ.

ಚೀಸು, ಮಾಂಸ, ಮೀನು, ಸೇಬು ಎಂಬ ಹೆಸರುಗಳನ್ನು ಮರೆತರೂ ನಡೆಯುತ್ತದೆ. ಉಪ್ಪು, ಜಿಡ್ಡು, ಹುಳಿ, ಸಿಹಿ ಎಂಬ ನಾಲ್ಕು ನೆನಪಿದ್ದರೆ ಸಾಕು. ಉಪ್ಪಿಗೂ ಜಿಡ್ಡಿಗೂ ಹುಳಿಯ ವೈನ್ ಬೇಕು. ಹುಳಿಯ ಪದಾರ್ಥಕ್ಕೆ ಅದಕ್ಕಿಂತ ಹುಳಿಯಾದ ವೈನ್ ಬೇಕು, ಇಲ್ಲದಿದ್ದರೆ ವೈನ್ ಚಪ್ಪೆಯೆನಿಸುತ್ತದೆ. ಸಿಹಿತಿಂಡಿಗೆ ಅದಕ್ಕಿಂತ ಸಿಹಿಯಾದ ವೈನ್ ಬೇಕು, ಇಲ್ಲದಿದ್ದರೆ ವೈನೇ ಕಹಿಯಾಗುತ್ತದೆ.

ಲ್ವಾರ್ ದಂಡೆಯ ಅಡುಗೆಗೆ ಗೊತ್ತಿಲ್ಲದ ಐದನೆಯದೊಂದು ನಮ್ಮಲ್ಲಿದೆ, ಖಾರ. ವಿಜ್ಞಾನದ ಪ್ರಕಾರ ಖಾರ ರುಚಿಯೇ ಅಲ್ಲ, ಉರಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಗೆಯ ನರಗಳಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವನ್ನು ಕೆಣಕಿ, ಸುಡದಿದ್ದರೂ ಸುಟ್ಟಿತೆಂಬ ಸುದ್ದಿಯನ್ನು ಮಿದುಳಿಗೆ ಕಳಿಸುತ್ತದೆ. ಆ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ತೊಡಕೇನೆಂದರೆ ಆಲ್ಕೊಹಾಲ್ ಕೂಡ ಅದೇ ಗ್ರಾಹಕವನ್ನು ಕೆಣಕುತ್ತದೆ. ಹಾಗಾಗಿ ಖಾರದ ಮೇಲೆ ಗಡಸು ಮದ್ಯ ಬಿದ್ದರೆ ಉರಿಗೆ ಉರಿ ಕೂಡುತ್ತದೆ. ಕೆಂಪು ವೈನಿನಲ್ಲಿ ಇದರ ಜೊತೆಗೆ ಒಗರೂ ಇರುವುದರಿಂದ ಬಾಯಿ ಒಣಗಿ ಇನ್ನೂ ಕಷ್ಟ. ಸವಜಿ ಮಟನ್ನಿನ ಜೊತೆ ದುಬಾರಿ ಕೆಂಪು ವೈನ್ ಇಡುವವರು ಎರಡನ್ನೂ ಕೆಡಿಸುತ್ತಾರೆ ಎಂದರೆ ತಪ್ಪಲ್ಲ.

ನೀರು ಕುಡಿದರೂ ಪ್ರಯೋಜನವಿಲ್ಲ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಕರಗುವುದು ಜಿಡ್ಡಿನಲ್ಲಿ. ಹಾಲಿನ ಕೇಸೀನ್ ಎಂಬ ಪ್ರೋಟೀನು ಅದನ್ನು ನಾಲಗೆಯಿಂದ ಬಿಡಿಸಿ ಒಯ್ಯುತ್ತದೆ. ಮೊಸರು, ಮಜ್ಜಿಗೆ ಖಾರದ ತಾಟಿನ ಪಕ್ಕಕ್ಕೆ ಬಂದು ಕೂತದ್ದು ಸುಮ್ಮನೆ ಅಲ್ಲ. ರಂಜಕವೊಂದನ್ನೇ ಎದುರಿಸುವ ಪಂದ್ಯವಾದರೆ ಮಜ್ಜಿಗೆಯ ಮುಂದೆ ಫ್ರಾನ್ಸಿನ ಯಾವ ಬಾಟಲಿಯೂ ಗೆಲ್ಲುವುದಿಲ್ಲ. ಬೆಲೆ ಹತ್ತು ಸಾವಿರವಿದ್ದರೂ ಅಷ್ಟೆ.

ವೈನಿಗೆ ಉಳಿದ ದಾರಿ ಒಂದೇ: ಆಲ್ಕೊಹಾಲ್ ತುಸು ಕಡಿಮೆ, ಒಗರು ಇಲ್ಲ, ಸ್ವಲ್ಪ ಸಿಹಿ, ಬಲವಾದ ಹುಳಿ, ಚೆನ್ನಾಗಿ ತಣಿದಿರಬೇಕು. ಸಿಹಿ ಉರಿಯನ್ನು ಮಂದ ಮಾಡುತ್ತದೆ, ಬಾಯಿ ತುಂಬ ಸಿಹಿಯೇ ನಿಲ್ಲದಂತೆ ಹುಳಿ ನೋಡಿಕೊಳ್ಳುತ್ತದೆ. ಈ ವಿವರಕ್ಕೆ ದೆಮಿ ಸೆಕ್ ವೂವ್ರೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಒಪ್ಪುತ್ತದೆ.

ಇನ್ನು ತಾಟಿನತ್ತ. ಎಣಗಾಯಿಯಿಂದ ಶುರುಮಾಡಬಹುದು. ಎಳೆಯ ಮುಳಗಾಯಿಯೊಳಗೆ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಮಸಾಲೆ ಖಾರ ತುಂಬಿ ಎಣ್ಣೆ ಮೇಲೆ ತೇಲುವವರೆಗೆ ಬೇಯಿಸಿದ್ದು. ಇಲ್ಲಿ ಜಿಡ್ಡು ಶೇಂಗಾದ್ದು, ಹುಳಿ ಹುಣಸೆಯದು, ಸಿಹಿ ಬೆಲ್ಲದ್ದು. ಖಾರಕ್ಕೆ ಬ್ಯಾಡಗಿ ಹಾಕಿದ ಮನೆಯಲ್ಲಿ ಬಣ್ಣ ಹೆಚ್ಚು, ಉರಿ ಕಡಿಮೆ. ಸಂಕೇಶ್ವರದ ಮೆಣಸಿನಕಾಯಿ ಸೇರಿಸಿದ ಮನೆಯಲ್ಲಿ ಕಥೆ ಬೇರೆ. ಬ್ಯಾಡಗಿಯ ಎಣಗಾಯಿಗೆ ದೆಮಿ ಸೆಕ್ ಇಟ್ಟರೆ ವೈನಿನ ಸಿಹಿ ಬೆಲ್ಲದೊಂದಿಗೆ ಕೂಡಿಕೊಳ್ಳುತ್ತದೆ, ಹುಳಿ ಎಣ್ಣೆಯನ್ನು ಕತ್ತರಿಸುತ್ತದೆ. ಇಡೀ ತಾಟಿನಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಿಕ್ಕಿಲ್ಲ. ಒಂದು ಎಚ್ಚರ: ಸೆಕ್ ಬೇಡ. ಬೆಲ್ಲದ ಮುಂದೆ ಅದು ಬರೀ ಹುಳಿನೀರು ಎನಿಸುತ್ತದೆ.

ಶೇಂಗಾ ಹಿಂಡಿ ಸುಲಭದ್ದು. ಉಪ್ಪು, ಜಿಡ್ಡು, ಬೆಳ್ಳುಳ್ಳಿ, ಹದವಾದ ಖಾರ. ಜೊತೆಗೆ ಕಡಕ್ ರೊಟ್ಟಿ ಮತ್ತು ಬೆಣ್ಣೆ. ಲ್ವಾರ್ ದಂಡೆಯಲ್ಲಿ ರಿಯೆತ್ ಮತ್ತು ಬ್ರೆಡ್ ಮಾಡುವ ಕೆಲಸವನ್ನೇ ಇಲ್ಲಿ ಹಿಂಡಿ ಮತ್ತು ರೊಟ್ಟಿ ಮಾಡುತ್ತವೆ. ಗುರೆಳ್ಳು ಹಿಂಡಿಗೆ ಸ್ವಲ್ಪ ಕಹಿಯಿರುವುದರಿಂದ ಅದು ಅಷ್ಟು ಸಲೀಸಲ್ಲ. ಬೆಣ್ಣೆ ಹೆಚ್ಚಿಗೆ ಹಚ್ಚಿದರೆ ದಾರಿಗೆ ಬರುತ್ತದೆ.

ಪುಂಡಿ ಪಲ್ಯ ನಿಜವಾದ ಪರೀಕ್ಷೆ. ಪುಂಡಿಯ ಹುಳಿಯ ಮುಂದೆ ಸಾಮಾನ್ಯ ಬಿಳಿ ವೈನುಗಳು ಬಾಲ ಮುದುಡುತ್ತವೆ. ಓಕ್ ಪೀಪಾಯಿಯಲ್ಲಿಟ್ಟು ಬೆಣ್ಣೆಯಂತೆ ನುಣುಪು ಮಾಡಿದ ಶಾರ್ಡೊನೆಗಳಂತೂ ನೀರಾಗಿಬಿಡುತ್ತವೆ. ಶೆನಿನ್ ಬ್ಲಾಂ ಅಲ್ಲಾಡುವುದಿಲ್ಲ. ಪುಂಡಿಯ ಎದುರು ಸೆಕ್‌ನ ಹುಳಿಗೂ ಮರ್ಯಾದೆ ಸಿಗುತ್ತದೆ. ಜೋಳದ ನುಚ್ಚು, ಕಡಲೆಬೇಳೆ ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಪುಂಡಿಯಾದರೆ ಇನ್ನೂ ಉತ್ತಮ.

ಝುಣಕ, ಮಡಕಿ ಕಾಳು, ಹೆಸರುಕಾಳಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಮಡಕೆಯಲ್ಲಿ ಹುಳಿ ಬರಿಸುವ ಕರಿಂಡಿ ಮಾತ್ರ ಬೇರೆಯೇ ಜಾತಿ. ಅಗಸಿ, ಸಾಸಿವೆ, ಹಸಿಮೆಣಸಿನಕಾಯಿ, ಗಜ್ಜರಿ, ಸವತಿಕಾಯಿ ಕೂಡಿ ಮೂಗಿಗೆ ಏರುವ ಸಾಸಿವೆಯ ಘಾಟು. ಅದರ ಮುಂದೆ ವೈನ್ ಇಡುವುದು ಎರಡಕ್ಕೂ ಅನ್ಯಾಯ. ಹಸಿ ಉಳ್ಳಾಗಡ್ಡಿಯೂ ಹಾಗೆಯೇ, ಒಮ್ಮೆ ಕಚ್ಚಿದರೆ ಮುಂದಿನ ನಾಲ್ಕು ಗುಟುಕಿನ ವಾಸನೆಯೆಲ್ಲ ಅದರದೇ.

ಸಂಜೆಯ ಮಿರ್ಚಿ ಭಜಿಗೆ ಬುರುಗಿನ ವೂವ್ರೆ. ಕರಿದ ಕಡಲೆಹಿಟ್ಟಿನ ಗರಿಗರಿ, ಉಪ್ಪು, ಎಣ್ಣೆ, ಒಳಗೆ ಉದ್ದ ಮೆಣಸಿನಕಾಯಿಯ ಸಾಧಾರಣ ಖಾರ. ಬುರುಗು ಎಣ್ಣೆಯನ್ನು ತೊಳೆಯುತ್ತದೆ. ಜಗತ್ತಿನಲ್ಲೆಲ್ಲ ಕರಿದದ್ದಕ್ಕೂ ಬುರುಗಿನದಕ್ಕೂ ಹೊಂದಿಕೆ, ಬಿಯರ್ ಬಡಿಸುವ ಅಂಗಡಿಗಳಿಗೆ ಇದು ಎಂದೋ ತಿಳಿದ ಸಂಗತಿ. ಭಜಿ ಜೊತೆ ಗಿರ್ಮಿಟ್ ಇದ್ದರೆ ಅದರ ಹುಣಸೆ ಬೆಲ್ಲಕ್ಕೂ ಬಾಧೆಯಿಲ್ಲ.

ಮೀನು ತಿನ್ನುವವರಿಗೆ ನವಿಲುತೀರ್ಥದ ಜಲಾಶಯ ದೂರವಿಲ್ಲ. ಮಲಪ್ರಭೆಗೆ ಅಡ್ಡ ಕಟ್ಟಿದ ಈ ಅಣೆಕಟ್ಟಿನ ಹಿನ್ನೀರಿನ ಮೀನನ್ನು ಅರಿಸಿನ, ಉಪ್ಪು, ಚೂರು ಖಾರ ಹಚ್ಚಿ ತವೆಯ ಮೇಲೆ ಹುರಿದರೆ ಸೆಕ್ ವೂವ್ರೆ ತನ್ನ ಮನೆಯಲ್ಲೇ ಇದ್ದಂತೆ ನಡೆದುಕೊಳ್ಳುತ್ತದೆ. ನದಿ ಬೇರೆಯಾದರೂ ಸಿಹಿನೀರಿನ ಮೀನೇ ಅಲ್ಲವೇ. ಕೊಬ್ಬರಿ, ಹುಳಿ ಹಾಕಿದ ಗೋವಾ ಕಡೆಯ ಸಾರಿಗೆ ದೆಮಿ ಸೆಕ್.

ಈಗ ಒಂದು ವಾಸ್ತವದ ಮಾತು. ಮುರಗೋಡ ಸಂತ ಚಿದಂಬರ ದೀಕ್ಷಿತರ ಊರು, ದುರದುಂಡೀಶ್ವರ ಮಠದ ಊರು. ಹಬ್ಬದ ತಾಟಿನ ಪಕ್ಕ ವೈನ್ ಇಡುವ ಮನೆ ಇಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ, ಕಾಳುಕಡಿ ಬೇಡ, ನಿಮ್ಮ ಚಟವನ್ನು ಇದರಲ್ಲಿ ಹಾಕಿ ಎಂದು ಬೇಡಿದ್ದು ಇದೇ ಉತ್ತರ ಕರ್ನಾಟಕದಲ್ಲಿ. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಜನವರಿಯಲ್ಲಿ, ಆರೋಗ್ಯಕ್ಕೆ ಬಾಧೆಯಿಲ್ಲದಷ್ಟು ಮದ್ಯ ಎಂಬ ಪ್ರಮಾಣವೇ ಇಲ್ಲ ಎಂದು ಹೇಳಿತು. ವೈನ್ ಎಂಬ ಹೆಸರಿಗೆ ಅದರಿಂದ ವಿನಾಯಿತಿಯಿಲ್ಲ. ಈ ಸೀಮೆಯಿಂದ ಬೆಂಗಳೂರು, ಪುಣೆ, ಯುರೋಪು ಸೇರಿದ ಮಕ್ಕಳ ಮನೆಯಲ್ಲಿ ಮಾತ್ರ ಊರಿಂದ ಬಂದ ಕಡಕ್ ರೊಟ್ಟಿಯ ಡಬ್ಬಿಯೂ ವೈನ್ ಬಾಟಲಿಯೂ ಒಂದೇ ಮೇಜಿನ ಮೇಲೆ ಬಂದು ಕೂತಿವೆ. ಜೋಡಿಯ ಪ್ರಶ್ನೆ ಏಳುವುದು ಅಲ್ಲಿ.

ವೈನ್ ಕುಡಿಯದ ಊರುಗಳಿಗೂ ದ್ರಾಕ್ಷಿ ಬೇರೊಂದು ದಾರಿಯಲ್ಲಿ ಸಂಬಂಧಿಸಿದ್ದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ದ್ರಾಕ್ಷಿಯ ನಾಡು. ಅಥಣಿ ತಾಲ್ಲೂಕಿನ ತೆಲಸಂಗ, ವಿಜಯಪುರದ ತಿಕೋಟಾ ಕಡೆಯ ರೈತರು ಬೆಳೆಯುವುದು ಬಹುತೇಕ ತಿನ್ನುವ, ಒಣಗಿಸುವ ತಳಿಗಳು: ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್. ಇವಕ್ಕೆ ಬೀಜವಿಲ್ಲ, ಸಿಪ್ಪೆ ತೆಳು, ತಿರುಳು ಹೆಚ್ಚು. ವೈನಿನ ದ್ರಾಕ್ಷಿ ಇದರ ತಿರುಗುಮುರುಗು: ಕಾಳು ಸಣ್ಣದು, ಸಿಪ್ಪೆ ಬಿರುಸು, ಒಳಗೆ ಬೀಜ. ತಿನ್ನಲು ಕೊಟ್ಟರೆ ಮಕ್ಕಳು ಉಗುಳುತ್ತಾರೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ವೈನ್ ಮಂಡಳಿಯನ್ನೂ ಸ್ಥಾಪಿಸಿತು. ಕೃಷ್ಣಾ ಕಣಿವೆಯೆಂದು ಗುರುತಿಸಿದ ಪ್ರದೇಶದಲ್ಲಿ ಬೆಳಗಾವಿಯೂ ಬರುತ್ತದೆ. ಮುರಗೋಡ, ಬೈಲಹೊಂಗಲದ ಎರಿ ಹೊಲಗಳು ಮಾತ್ರ ಹತ್ತಿ, ಜೋಳ, ಕಡಲೆ, ಕಬ್ಬಿಗೇ ಹೇಳಿ ಮಾಡಿಸಿದವು. ನೀರು ನಿಲ್ಲುವ ಕಪ್ಪು ಮಣ್ಣಿಗಿಂತ ನೀರು ಬಸಿದುಹೋಗುವ ಮಸಾರಿಯೇ ಬಳ್ಳಿಗೆ ಹಿತ. ಹಾಗಂತ ಈ ಸೀಮೆಗೆ ಮದ್ಯಸಾರ ಅಪರಿಚಿತವೇನಲ್ಲ. ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಕಾಕಂಬಿಯನ್ನು ಹುದುಗಿಸಿ ತೆಗೆಯುವುದೂ ಅದನ್ನೇ, ಹೋಗುವುದು ಪೆಟ್ರೋಲಿನೊಳಗೆ.

ಕರ್ನಾಟಕದಲ್ಲಿ ಫ್ರೆಂಚ್ ತಳಿಗಳನ್ನು ಗಂಭೀರವಾಗಿ ನೆಟ್ಟವರಲ್ಲಿ ಮೊದಲಿಗರು ಕನ್ವಲ್ ಗ್ರೋವರ್. ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಹತ್ತಿರ, 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಕಟ್ಟಿದರು. ಜೊತೆಗಿದ್ದವರು ಶಾಂಪೇನ್ ಸೀಮೆಯ ಮುಮ್ ಸಂಸ್ಥೆಯ ಜಾರ್ಜ್ ವೆಸೆಲ್. ಹಲವು ತಳಿಗಳನ್ನು ನೆಟ್ಟು ನೋಡಿ, ಇಲ್ಲಿನ ಹವೆಗೆ ಒಗ್ಗಿದ ಕೆಲವನ್ನಷ್ಟೇ ಉಳಿಸಿಕೊಂಡರು. ಮುಂದೆ ಬೋರ್ಡೊದ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾದರು. ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಮಾ ಎಸ್ಟೇಟ್ಸ್ ಲ್ವಾರ್ ಕಣಿವೆಯ ಇನ್ನೊಂದು ಬಿಳಿ ತಳಿ ಸೋವಿನ್ಯೊಂ ಬ್ಲಾಂ ಬೆಳೆಯುತ್ತದೆ. ಶೆನಿನ್ ಬ್ಲಾಂ ಹೆಚ್ಚು ಹೆಸರು ಮಾಡಿದ್ದು ನಾಸಿಕದ ಸುಲಾ ಬಾಟಲಿಗಳಿಂದ. ಆ ಸಂಸ್ಥೆ ಈಗ ಚನ್ನಪಟ್ಟಣದ ಬಳಿ ಕರ್ನಾಟಕದಲ್ಲೂ ಕಾಲೂರಿದೆ.

ಇಲ್ಲಿ ಬೆಳೆದ ಶೆನಿನ್ ಬ್ಲಾಂ ಮತ್ತು ವೂವ್ರೆ ಒಂದೇ ಅಲ್ಲ. ವೂವ್ರೆ ಇರುವುದು 47 ಡಿಗ್ರಿ ಉತ್ತರದಲ್ಲಿ. ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ಮಲಗುತ್ತದೆ, ವರ್ಷಕ್ಕೊಂದೇ ಚಾಟ್ನಿ (ಬಳ್ಳಿ ಕತ್ತರಿಸುವುದು). ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಅದಕ್ಕೇ ದ್ರಾಕ್ಷಿ ರೈತ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಎರಡು ಸಲ ಕತ್ತರಿ ಹಾಕುತ್ತಾನೆ. ಮೊದಲನೆಯದು ಕಡ್ಡಿ ಬಲಿಯಲು, ಎರಡನೆಯದು ಹಣ್ಣಿಗೆ. ಕೊಯ್ಲು ಜನವರಿಯಿಂದ ಮಾರ್ಚ್. ಹಗಲು ಬಿಸಿ, ರಾತ್ರಿಯೂ ಸಾಕಷ್ಟು ತಣಿಯುವುದಿಲ್ಲ. ಆ ಬಿಸಿಗೆ ಹಣ್ಣಿನ ಮ್ಯಾಲಿಕ್ ಆಮ್ಲ ಕರಗಿಹೋಗುತ್ತದೆ. ಹುಟ್ಟಾ ಹುಳಿಯ ಶೆನಿನ್ ಇಲ್ಲಿ ಬೇರೂರಲು ಇದೇ ಕಾರಣ, ಕಳೆದುಕೊಂಡ ಮೇಲೂ ಸ್ವಲ್ಪ ಉಳಿಯುತ್ತದೆ. ರುಚಿಯಲ್ಲಿ ವೂವ್ರೆಯದು ಸೇಬು, ಜೇನು, ವಯಸ್ಸಾದಂತೆ ಒಣಹುಲ್ಲು. ಇಲ್ಲಿಯದು ಪೇರಲ, ಅನಾನಸು. ವೂವ್ರೆಯಂತೆ ಐವತ್ತು ವರ್ಷ ಇಡುವ ಮಾತೇ ಇಲ್ಲ, ಒಂದೆರಡು ವರ್ಷದಲ್ಲಿ ಮುಗಿಸಬೇಕು. ಆದರೂ ತುಸು ಸಿಹಿ ಉಳಿಸಿದ ದೇಶೀ ಶೆನಿನ್ ಎಣಗಾಯಿಯ ಪಕ್ಕದಲ್ಲಿ ದೆಮಿ ಸೆಕ್‌ನ ಕೆಲಸವನ್ನು ಮುಕ್ಕಾಲು ಪಾಲು ಮಾಡುತ್ತದೆ. ಆಮದು ವೈನಿನ ಮೇಲೆ ಭಾರತ ಬಹುಕಾಲ ಹೇರಿದ ಶೇ 150ರ ಸುಂಕವನ್ನು ನೆನೆದರೆ ಆ ಮುಕ್ಕಾಲು ಪಾಲು ಕಡಿಮೆಯದಲ್ಲ.

ಫ್ರಾನ್ಸಿನ ದ್ರಾಕ್ಷಿತೋಟದ ಒಂದು ವಸ್ತು ಮಾತ್ರ ಸುಂಕದ ಗೊಡವೆಯಿಲ್ಲದೆ ಕನ್ನಡ ನಾಡಿಗೆ ಶತಮಾನದ ಹಿಂದೆಯೇ ಬಂದಿದೆ. ಬೋರ್ಡೊ ದ್ರಾವಣ. ಬೋರ್ಡೊ ಸೀಮೆಯ ರೈತರು ದಾರಿ ಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳದಿರಲೆಂದು ಮೈಲುತುತ್ತ, ಸುಣ್ಣ ಕಲೆಸಿ ಚಿಮುಕಿಸುತ್ತಿದ್ದರು. ಹಾಗೆ ಚಿಮುಕಿಸಿದ ಬಳ್ಳಿಗೆ ಡೌನಿ ರೋಗ ತಗಲದ್ದನ್ನು ಗಮನಿಸಿದ ಮಿಲಾರ್ದೆ ಎಂಬ ಪ್ರಾಧ್ಯಾಪಕ 1885ರಲ್ಲಿ ಅದನ್ನು ಔಷಧಿಯಾಗಿ ಜಗತ್ತಿಗೆ ಕೊಟ್ಟ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅದನ್ನೇ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಹೊಡೆಸಿದರು. ಅಡಿಕೆ ಬೆಳೆಗಾರರ ಬಾಯಲ್ಲಿ ಬೋರ್ಡೊ ಎಂದರೆ ಇವತ್ತಿಗೂ ವೈನಲ್ಲ, ನೀಲಿ ದ್ರಾವಣ.

ಬಾಟಲಿ ಕೊಳ್ಳುವವರಿಗೆ ಒಂದೆರಡು ಸಂಗತಿ. ವೂವ್ರೆಯ ಚೀಟಿಯ ಮೇಲೆ ತಳಿಯ ಹೆಸರು ಇರದೆಯೂ ಇರಬಹುದು, ಊರಿನ ಹೆಸರೇ ಸಾಕೆಂಬ ಅಭಿಮಾನ. ಸೆಕ್, ದೆಮಿ ಸೆಕ್ ಎಂಬುದನ್ನೂ ಕೆಲವರು ಸಣ್ಣಕ್ಷರದಲ್ಲಿ ಬರೆಯುತ್ತಾರೆ, ಕೆಲವರು ಬರೆಯುವುದೇ ಇಲ್ಲ. ಕೇಳದೆ ಕೊಂಡರೆ ಎಣಗಾಯಿಗೆ ಸೆಕ್ ಬಂದು ಕೂತೀತು. ಸೆಕ್ ಅನ್ನು 8ರಿಂದ 10 ಡಿಗ್ರಿ, ದೆಮಿ ಸೆಕ್ ಅನ್ನು ಅದಕ್ಕಿಂತ ಒಂದೆರಡು ಡಿಗ್ರಿ ಮೇಲೆ ಕುಡಿಯುವುದು ರೂಢಿ. ಖಾರದ ತಾಟಿಗಾದರೆ ಇನ್ನೂ ತಣ್ಣಗಿದ್ದರೂ ನಷ್ಟವಿಲ್ಲ. ಬೆಳವಲದ ಏಪ್ರಿಲ್ ಬಿಸಿಲಿಗೆ ಅಡುಗೆಮನೆಯ ಹಲಗೆಯ ಮೇಲೆ ಇಟ್ಟ ಬಾಟಲಿ ವಾರಗಳಲ್ಲಿ ಕೆಡುತ್ತದೆ. ತೆರೆದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಬಂದೀತು, ಬುರುಗಿನದಾದರೆ ಅದೂ ಇಲ್ಲ.

ಸಿಹಿಯ ಬಾಬತ್ತು ಉಳಿಯಿತು. ಹೂರಣದ ಹೋಳಿಗೆಗೆ ತುಪ್ಪ ಸುರಿದು, ಮೇಲೆ ಹಾಲು ಹಾಕಿಕೊಂಡು ಉಣ್ಣುವವರಿಗೆ ಬೇರೆ ಪಾನೀಯದ ಹಂಗಿಲ್ಲ. ಗೋಕಾಕದ ಕರದಂಟು ಬೆಲ್ಲ, ಅಂಟು, ಒಣಹಣ್ಣಿನದು. ಬೂಷ್ಟು ಹತ್ತಿದ ಹಣ್ಣಿನಿಂದ ತೆಗೆದ ಹಳೆಯ ಮ್ವಾಲೊದಲ್ಲೂ ಒಣಹಣ್ಣು, ಜೇನಿನ ವಾಸನೆಯಿರುವುದರಿಂದ ಇವೆರಡೂ ಒಂದನ್ನೊಂದು ಬಲ್ಲವು. ಬೆಳಗಾವಿಯ ಕುಂದಾ ಇನ್ನೂ ಹತ್ತಿರದ್ದು, ಹಾಲನ್ನೂ ಸಕ್ಕರೆಯನ್ನೂ ಕಂದು ಬಣ್ಣ ಬರುವವರೆಗೆ ಕಾಯಿಸಿದ್ದು. ತಾರ್ತ್ ತಾತಾಂನ ಕಂದಿದ ಸಕ್ಕರೆಯ ರುಚಿಯೇ ಇಲ್ಲೂ ಇದೆ. ಆದರೆ ಕುಂದಾ ಬಹಳ ಸಿಹಿ. ಅದಕ್ಕಿಂತ ಸಿಹಿಯಾದ ವೂವ್ರೆ ಎಲ್ಲ ವರ್ಷವೂ ಹುಟ್ಟುವುದಿಲ್ಲ, ಬೆಚ್ಚನೆಯ ಶರತ್ಕಾಲ ಸಿಕ್ಕ ವರ್ಷಗಳಲ್ಲಿ ಮಾತ್ರ. ಅಂಗಡಿಯಲ್ಲಿ ಅದು ಸಿಗದಿದ್ದರೆ ಲ್ವಾರ್‌ನ ಉಪನದಿ ಲೇಯೋಂ ದಂಡೆಯ ಕೊತೋ ದು ಲೇಯೋಂ ಎಂಬ ಸಿಹಿ ವೈನ್ ಕೇಳಬಹುದು. ತಳಿ ಅದೇ ಶೆನಿನ್ ಬ್ಲಾಂ, ಸಿಹಿ ಸಾಮಾನ್ಯವಾಗಿ ಒಂದು ಕೈ ಹೆಚ್ಚು.